ಮಧ್ಯಾಹ್ನದ ಬಿಸಿಲು, ಸಂಜೆಯ ಸಿಡಿಲು: ಎರಡಕ್ಕೂ ಬೆಳಿಗ್ಗೆಯೇ ಸಿದ್ಧರಾಗುವ ಬಗೆ

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲನ್ನೂ ಸಿಡಿಲನ್ನೂ ಬೇರೆ ಬೇರೆ ಆಪತ್ತುಗಳೆಂದು ಎಣಿಸುವವರೇ ಹೆಚ್ಚು. ಆದರೆ ಕಾದ ನೆಲದಿಂದ ಮೇಲೇರುವ ಗಾಳಿಗೆ ತೇವಾಂಶ ಸಿಕ್ಕಿದ ದಿನ, ಅದೇ ಗಾಳಿ ಸಂಜೆಯೊಳಗೆ ಗುಡುಗಿನ ಮೋಡವಾಗಿ ಬೆಳೆಯುತ್ತದೆ. ಆದುದರಿಂದ ಎರಡಕ್ಕೂ ಒಂದೇ ಸಿದ್ಧತೆ, ಅದೂ ಬೆಳಿಗ್ಗೆಯೇ, ಆಗಬೇಕು.

ಬಯಲಿನ ಕೆಲಸವನ್ನು ಹನ್ನೊಂದು ಗಂಟೆಯೊಳಗೆ ಮುಗಿಸಿ, ಹನ್ನೆರಡರಿಂದ ಮೂರರವರೆಗೆ ನೆರಳಿನಲ್ಲಿರುವುದು ಮೊದಲ ನಿಯಮ. ಬಯಲು ಪ್ರದೇಶದಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಾದಾಗ ಹವಾಮಾನ ಇಲಾಖೆ ಬಿಸಿಗಾಳಿಯೆಂದು ಪರಿಗಣಿಸುತ್ತದೆ. ಶೀಟಿನ ಮನೆಯಲ್ಲಿರುವವರು, ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ ದುಡಿಯುವವರು ಆ ಘೋಷಣೆಗೆ ಕಾಯಬಾರದು. ಬಾಯಾರಿಕೆಯಾಗುವ ಮೊದಲೇ ನೀರು, ಮಜ್ಜಿಗೆ ಅಥವಾ ಅಂಬಲಿ ಕುಡಿಯುತ್ತಿರಬೇಕು. ವಾಂತಿ, ಭೇದಿಯಿಂದ ನಿತ್ರಾಣವಾದವರಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು. ಉಪ್ಪು ಹೆಚ್ಚಾದರೆ ಅಪಾಯವಾದುದರಿಂದ ಇಲ್ಲಿ ಕೈಯಂದಾಜು ಸಲ್ಲದು.

ಬಿಸಿಲಿನಲ್ಲಿದ್ದವರು ತಡವರಿಸಿ ಮಾತಾಡತೊಡಗಿದರೆ, ಗೊಂದಲಗೊಂಡರೆ ಅಥವಾ ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬರಿಯ ಸುಸ್ತಲ್ಲ. ಕೂಡಲೇ 108ಕ್ಕೆ ಕರೆ ಮಾಡಿ, ಅವರನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಇನ್ನು ಸಿಡಿಲು. ಇದಕ್ಕೆ ಹೆಚ್ಚಾಗಿ ಬಲಿಯಾಗುವವರು ಬಯಲಿನಲ್ಲಿರುವವರು: ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕುರಿಗಾಹಿಗಳು, ಹೊಲದಲ್ಲಿರುವ ರೈತರು ಮತ್ತು ಕೂಲಿಯವರು. ಮಳೆಹನಿ ಬಿದ್ದೊಡನೆ ಒಂಟಿ ಬೇವಿನ ಮರವನ್ನೋ ಹುಣಸೆ ಮರವನ್ನೋ ಆಶ್ರಯಿಸುವುದು ನಮ್ಮಲ್ಲಿ ಎಷ್ಟು ಸಹಜವೋ ಅಷ್ಟೇ ಅಪಾಯಕರ, ನೆನೆಯುವುದೇ ಲೇಸು. ಮಿಂಚು ಕಂಡ ಬಳಿಕ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕಾಗುವುದರಿಂದ, ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ. ಆಗ ಪಕ್ಕಾ ಕಟ್ಟಡಕ್ಕೋ ಗಾಜು ಏರಿಸಿದ ಕಾರಿನೊಳಕ್ಕೋ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆಯವರೆಗೆ ಹೊರಬರಬಾರದು. ಹೊಲದ ಗುಡಿಸಲು, ನಾಲ್ಕೂ ಕಡೆ ತೆರೆದ ಬಸ್ ತಂಗುದಾಣ, ಟ್ರ್ಯಾಕ್ಟರ್ ಇವು ಯಾವುವೂ ಆಸರೆಯಲ್ಲ. ಮನೆಯೊಳಗಿದ್ದವರು ನಲ್ಲಿ, ಕಿಟಕಿಯ ಸರಳು, ಚಾರ್ಜಿಗೆ ಹಾಕಿದ ಮೊಬೈಲುಗಳನ್ನು ಮುಟ್ಟದಿರಲಿ. ಸುತ್ತಮುತ್ತಲಿನ ಸಿಡಿಲಿನ ಮುನ್ನೆಚ್ಚರಿಕೆ ನೀಡುವ 'ದಾಮಿನಿ' ಆ್ಯಪ್ ಉಪಯುಕ್ತವೇ ಹೌದು, ಆದರೆ ನೆಟ್‌ವರ್ಕ್ ಸಿಗದ ಕಾವಲಿನಲ್ಲಿ ಎಣಿಕೆಯೇ ಗತಿ.

ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುತ್ತದೆಂಬ ಭಯದಿಂದ ಯಾರೂ ಹತ್ತಿರ ಹೋಗದೆ, ಉಳಿಯಬಹುದಾಗಿದ್ದ ಜೀವ ಹೋಗುವುದುಂಟು. ಅವರನ್ನು ಮುಟ್ಟಿದರೆ ಏನೂ ಆಗುವುದಿಲ್ಲ. ಉಸಿರಾಟ ನಿಂತಿದ್ದರೆ ಎದೆಯ ನಡುಭಾಗವನ್ನು ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು ಐದು ಸೆಂಟಿಮೀಟರ್ ತಗ್ಗುವಂತೆ, ನೆರವು ಬರುವವರೆಗೂ ಒತ್ತುತ್ತಿರಬೇಕು. ಅಲ್ಲಲ್ಲಿ ಮಾಡುವಂತೆ ಸಗಣಿಯಲ್ಲಿ ಹೂಳುವುದರಿಂದ ಅಮೂಲ್ಯವಾದ ನಿಮಿಷಗಳು ವ್ಯರ್ಥವಾಗುತ್ತವೆಯೇ ಹೊರತು ಬೇರೇನೂ ಪ್ರಯೋಜನವಿಲ್ಲ.

ಬಿರುಗಾಳಿಗೆ ಶೀಟು ಹಾರದಿರಲೆಂದು ಕಲ್ಲು ಹೇರುವ ಬದಲು ಬೋಲ್ಟ್ ಹಾಕಿಸುವುದು ಮೇಲು, ಏಕೆಂದರೆ ಗಾಳಿ ಹೆಚ್ಚಾದಾಗ ಆ ಕಲ್ಲೇ ತಲೆಯ ಮೇಲೆ ಬೀಳುತ್ತದೆ. ತುಂಡಾದ ವಿದ್ಯುತ್ ತಂತಿ ಕಂಡರೆ ದೂರ ನಿಂತು ಬೆಸ್ಕಾಂನ 1912ಕ್ಕೆ ತಿಳಿಸಬೇಕು.

ಬರದ ಸೀಮೆಯವರಿಗೆ ಹಳ್ಳದ ಭಯ ಕಡಿಮೆ. 1933ರ ನಂತರ 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದುದನ್ನು ನೋಡಿದ ಮೇಲಾದರೂ, ಒಣಗಿದ ಹಳ್ಳ ಎಂದಿಗೂ ಒಣಗಿಯೇ ಇರುತ್ತದೆಂಬ ಲೆಕ್ಕಾಚಾರವನ್ನು ಬಿಡಬೇಕು. ರಭಸವಾಗಿ ಹರಿಯುವ ನೀರು ಮೊಣಕಾಲು ಮುಟ್ಟುವ ಮೊದಲೇ ಆಳನ್ನು ಬೀಳಿಸಬಲ್ಲದು. ರಾತ್ರಿಯ ಹೊತ್ತು ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ, ಕೆಳಗಿನ ರಸ್ತೆ ಕೊಚ್ಚಿಹೋಗಿದೆಯೋ ಇಲ್ಲವೋ ಕಾಣುವುದಿಲ್ಲವಾದ್ದರಿಂದ, ಬೈಕನ್ನು ಈಚೆ ದಡದಲ್ಲೇ ನಿಲ್ಲಿಸಿ ಹತ್ತಿರದ ಊರಿನಲ್ಲಿ ಉಳಿದುಕೊಂಡು, ನೀರು ಇಳಿದ ಮೇಲೆ ಬೆಳಕಿನಲ್ಲಿ ದಾಟಬೇಕು.