ಆದದ್ದನ್ನು ಒಪ್ಪಿಕೊಳ್ಳುವುದು ಹೇಗೆ?

ಕೆಲಸ ಹೋಗಿದೆ. ‘ನನಗೇ ಯಾಕೆ ಹೀಗಾಯ್ತು’ ಎಂಬ ಪ್ರಶ್ನೆ ರಾತ್ರಿಯಿಡೀ ಕೊರೆಯುತ್ತಿದೆ. ಇಂಥ ಹೊತ್ತಿಗೆಂದೇ ಒಂದು ಅಭ್ಯಾಸವಿದೆ: ಇದ್ದದ್ದನ್ನು ಇದ್ದ ಹಾಗೇ ಪೂರ್ತಿ ಒಪ್ಪಿಕೊಳ್ಳುವುದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಝೆನ್ ಎಂಬ ಬೌದ್ಧ ಧ್ಯಾನದಿಂದ ಕಲಿತದ್ದನ್ನು ತಮ್ಮ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾನಸಿಕ ಚಿಕಿತ್ಸೆಗೆ ಹೀಗೆ ಸೇರಿಸಿದರು. ಸಾಯುವ ಯೋಚನೆಯಲ್ಲಿ ನರಳುವವರಿಗಾಗಿ ಹುಟ್ಟಿದ ಚಿಕಿತ್ಸೆ ಅದು. ಹದಿಹರೆಯದಲ್ಲಿ ತಾವೂ ಮಾನಸಿಕ ಆಸ್ಪತ್ರೆಯಲ್ಲಿದ್ದ ವಿಷಯವನ್ನು 2011ರಲ್ಲಿ ಅವರು ಎಲ್ಲರಿಗೂ ತಿಳಿಸಿದರು.

ಮೊದಲು, ನಡೆದದ್ದನ್ನು ಚಿಕ್ಕದಾಗಿ ಬರೆಯಿರಿ. ‘ಕೆಲಸ ಹೋಗಿದೆ. ಎರಡು ತಿಂಗಳ ಬಾಡಿಗೆಗಾಗುವಷ್ಟು ದುಡ್ಡಿದೆ.’ ಇಷ್ಟು ಸಾಕು. ‘ನಾನು ಕೈಲಾಗದವನು’ ಅಂತ ಬರೆದಿದ್ದರೆ ಹೊಡೆದುಹಾಕಿ. ನೋವಿನಲ್ಲಿ ನಮಗೆ ನಾವೇ ಕೊಟ್ಟುಕೊಳ್ಳುವ ತೀರ್ಪನ್ನು ಒಪ್ಪಬೇಕಾಗಿಲ್ಲ. ಬಹಳ ಜನ ಎಡವುವುದು ಇಲ್ಲಿಯೇ.

ಆಮೇಲೆ ಕುಳಿತುಕೊಳ್ಳಿ. ಅಂಗೈ ಮೇಲೆ ಮಾಡಿ ತೊಡೆಯ ಮೇಲಿಡಿ. ಹಣೆ, ದವಡೆ ಸಡಿಲಿಸಿ, ತುಟಿಯಂಚಿನಲ್ಲಿ ಸಣ್ಣ ನಗು ತನ್ನಿ. ಬರೆದದ್ದನ್ನು ನಿಧಾನವಾಗಿ ಓದಿ. ಅಳು ಬಂದರೆ ಅಳಿ, ತಡೆಯಬೇಡಿ. ಸ್ವಲ್ಪ ಹೊತ್ತಿಗೇ ಮನಸ್ಸು ‘ಹೀಗಾಗಬಾರದಿತ್ತು’ ಎಂದು ಮತ್ತೆ ಜಗಳಕ್ಕೆ ನಿಲ್ಲುತ್ತದೆ. ಅದು ಸಹಜ. ಮತ್ತೆ ಓದಿ. ಒಂದೇ ದಿನದಲ್ಲಿ ಇದು ಹತ್ತಾರು ಸಲ ಆಗಬಹುದು.

ಕೊನೆಗೆ, ‘ಈಗ ಏನು ಮಾಡಲಿ?’ ಎಂದು ಕೇಳಿಕೊಳ್ಳಿ. ಬಾಕಿ ಸಂಬಳ ಕೇಳುವುದು, ಪಿಎಫ್ ನೋಡುವುದು, ಮನೆಯವರಿಗೆ ಹೇಳುವುದು. ಒಪ್ಪಿಕೊಂಡೆವು ಅಂದರೆ ಆದದ್ದು ಸರಿ ಅಂದಂತಲ್ಲ. ಅನ್ಯಾಯವಾಗಿದ್ದರೆ ದೂರು ಕೊಡಿ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಹೊಡೆತ ತಿನ್ನುವ ಹೆಣ್ಣುಮಗಳಿಗೆ ‘ಒಪ್ಪಿಕೊಂಡು ಹೋಗಮ್ಮ’ ಎನ್ನುವ ಬೋಧಕರು ಇದ್ದಾರೆ. ಅಂಥವರ ಮಾತು ಕೇಳಲೇಬೇಡಿ. ‘ಗಂಡ ಹೊಡೆಯುತ್ತಾನೆ, ಇದು ನಿಜ’ ಎಂದು ಒಪ್ಪಿಕೊಂಡವಳು ಮುಂದೆ ಮಾಡಬೇಕಾದ್ದು ಮಹಿಳಾ ಸಹಾಯವಾಣಿ 181ಕ್ಕೆ ಕರೆ. ‘ನಿನ್ನ ಯೋಚನೆಯೇ ಕಷ್ಟ ತಂದಿತು’ ಎನ್ನುವ ವಿಡಿಯೊ, ಮಾತ್ರೆ ಬಿಡಿ ಎನ್ನುವ ಶಿಬಿರ, ಇವುಗಳಿಂದಲೂ ದೂರವಿರಿ. ಇಂಥ ವಿಷಯದ ಯಾವ ಪುಸ್ತಕ ಓದಿದರೂ, ಉಪಯೋಗಕ್ಕೆ ಬಂದಷ್ಟು ತೆಗೆದುಕೊಂಡು ಉಳಿದದ್ದನ್ನು ಬಿಡಬಹುದು, ಅಲ್ವಾ?

ಹಳೆಯ ಆಘಾತವಿದ್ದವರಿಗೆ ಸುಮ್ನೆ ಕೂತರೆ ಭಯ ಜಾಸ್ತಿಯಾಗಬಹುದು. ಹಾಗಾದರೆ ಅಲ್ಲಿಗೇ ನಿಲ್ಲಿಸಿ, ಜೊತೆಗೆ ಯಾರನ್ನಾದರೂ ಕರೆಯಿರಿ. ಸಾಯುವ ಯೋಚನೆ ಬಂದರೆ ಅಭ್ಯಾಸವನ್ನೆಲ್ಲ ಬದಿಗಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ತಕ್ಷಣ ಫೋನ್ ಮಾಡಿ. ಹಗಲು ರಾತ್ರಿ ಇರುವ ಉಚಿತ ಸೇವೆ ಅದು. ಕನ್ನಡದಲ್ಲೇ ಮಾತಾಡಬಹುದು.