ಗಾರೆ ಮೆತ್ತುವ ಮೊದಲೇ ಕೇಬಲ್

ದಾವಣಗೆರೆಯಲ್ಲಿ ಲೆಕ್ಕ ಪರಿಶೋಧಕರೊಬ್ಬರು ಎರಡು ಅಂತಸ್ತಿನ ಹೊಸ ಕಚೇರಿ ಕಟ್ಟಿಸುತ್ತಿದ್ದರು. ನೆಟ್‌ವರ್ಕ್ ಕೆಲಸ ನನ್ನ ಪಾಲಿಗೆ ಬಂದಾಗ ಗೋಡೆ ಎದ್ದಿತ್ತು, ಗಾರೆ ಆಗಿರಲಿಲ್ಲ. ಇಂಥ ಹೊತ್ತಿನಲ್ಲಿ ಕರೆ ಬರುವುದು ಅಪರೂಪ. ಬಣ್ಣ ಬಳಿದು, ಮೇಜು ಕುರ್ಚಿ ಹಾಕಿಸಿ, ಪೂಜೆಯ ಮುಹೂರ್ತವೂ ಗೊತ್ತಾದ ಮೇಲೆ ನಮ್ಮವರ ನೆನಪಾಗುವುದೇ ಹೆಚ್ಚು.

"ಎಲ್ಲಕ್ಕೂ ವೈ-ಫೈ ಸಾಕಲ್ಲವೇ? ಮನೆಯಲ್ಲಿ ಹಾಗೇ ನಡೆಯುತ್ತಿದೆ" ಎಂದು ಅವರು ಕೇಳಿದರು. ನಾನು ಒಪ್ಪಲಿಲ್ಲ. ಅಲ್ಲಿ ಲೆಕ್ಕದ ಕಡತಗಳೆಲ್ಲ ಒಂದು ಸರ್ವರ್‌ನಲ್ಲಿದ್ದು, ಹಲವರು ಏಕಕಾಲಕ್ಕೆ ಅದರಲ್ಲಿ ಬರೆಯುತ್ತಾರೆ; ನಡುವೆ ಸಂಪರ್ಕ ಕಡಿದರೆ ಕಡತವೇ ಕೆಡಬಹುದು. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದಕ್ಕೊಂದು ಅಡ್ಡಬಾರದ ಚಾನೆಲ್‌ಗಳು 1, 6 ಮತ್ತು 11, ಮೂರೇ. ಅಕ್ಕಪಕ್ಕದ ಅಂಗಡಿಗಳೂ ಅವನ್ನೇ ಬಳಸುತ್ತಿರುತ್ತವೆ. ಹಾಗಾಗಿ ಮೇಜಿನ ಮೇಲೆ ಕದಲದೆ ಕೂರುವ ಯಂತ್ರಕ್ಕೆ ಕೇಬಲ್, ಕೈಯಲ್ಲಿ ಹಿಡಿದು ಓಡಾಡುವುದಕ್ಕೆ ವೈ-ಫೈ ಎಂದು ನಿರ್ಧರಿಸಿದೆವು.

ನಕ್ಷೆಯನ್ನು ಹರಡಿಕೊಂಡು, ಯಾರು ಎಲ್ಲಿ ಕೂರುತ್ತಾರೆ ಎಂದು ಸಿಬ್ಬಂದಿಯನ್ನೇ ಕೇಳಿದೆ. ಸೆಪ್ಟೆಂಬರ್‌ನಲ್ಲಿ ತೆರಿಗೆ ಆಡಿಟ್ ವರದಿಯ ಗಡುವು ಹತ್ತಿರವಾದರೆ ಸಭಾ ಕೊಠಡಿಯ ತುಂಬಾ ತರಬೇತಿಯ ಹುಡುಗರು ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ ಎಂಬುದು ತಿಳಿದದ್ದು ಅವರಿಂದಲೇ. ನಕ್ಷೆಯಲ್ಲಿ ಆ ಕೊಠಡಿಗೆ ಒಂದು ಟಿವಿ ಪಾಯಿಂಟ್ ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿ ಮೇಜಿನ ಉದ್ದಕ್ಕೂ ಪಾಯಿಂಟ್ ಕೊಟ್ಟೆ, ಉಳಿದೆಡೆ ಪ್ರತಿ ಆಸನಕ್ಕೂ ಎರಡರಂತೆ.

ಖರ್ಚಿನಲ್ಲಿ ನಾನು ಹಟ ಹಿಡಿದದ್ದು ಕೇಬಲ್‌ಗೆ. ರೌಟರ್ ಹಳತಾದರೆ ಅರ್ಧ ಗಂಟೆಯಲ್ಲಿ ಬದಲಿಸಬಹುದು, ಗೋಡೆಯೊಳಗಿನ ಕೇಬಲ್ ಅಲ್ಲಿಯೇ ವರ್ಷಗಟ್ಟಲೆ ಬಾಳಬೇಕು. ಅಲ್ಯೂಮಿನಿಯಂ ಮೇಲೆ ತೆಳುವಾಗಿ ತಾಮ್ರ ಲೇಪಿಸಿದ ಕೇಬಲ್ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗಿನ ಬೆಳ್ಳಿ ಬಣ್ಣ ಕಾಣುತ್ತದೆ, ಪೆಟ್ಟಿಗೆಯೂ ಹಗುರ. ಅದಕ್ಕೆ ವಿದ್ಯುತ್ ಪ್ರತಿರೋಧ ಹೆಚ್ಚು. ಅದೇ ಕೇಬಲ್‌ನಲ್ಲಿ ಕ್ಯಾಮೆರಾಗಳಿಗೆ ವಿದ್ಯುತ್ತನ್ನೂ ಕಳಿಸಿದರೆ ಬಿಸಿಯಾಗುತ್ತದೆ, ದೂರದ ಕ್ಯಾಮೆರಾ ಕೈಕೊಡುತ್ತದೆ. ಶುದ್ಧ ತಾಮ್ರದ ಕ್ಯಾಟ್ 6 ಕೇಬಲನ್ನೇ ತರಿಸಿದೆ. ಒಂದು ಕೇಬಲ್‌ನ ಮಿತಿ 100 ಮೀಟರ್; ಇದರಲ್ಲಿ ಗೋಡೆಯೊಳಗೆ 90, ಎರಡು ತುದಿಯ ತುಂಡು ಕೇಬಲ್‌ಗಳಿಗೆ 10. ಆ ಕಟ್ಟಡದಲ್ಲಿ ಎಲ್ಲಿಯೂ ಅಷ್ಟು ದೂರವಿರಲಿಲ್ಲ. ಆದರೂ ಎರಡು ಅಂತಸ್ತುಗಳ ನಡುವೆ ಫೈಬರ್ ಹಾಕಿದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ, ಮುಂಗಾರಿಗೆ ಮುಂಚಿನ ಸಿಡಿಲಿಗೆ ಒಂದು ಅಂತಸ್ತಿನ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಸುಟ್ಟರೂ ಆ ಹಾದಿಯಿಂದ ಇನ್ನೊಂದಕ್ಕೆ ಪೆಟ್ಟು ತಲುಪುವುದಿಲ್ಲ.

ಎಲೆಕ್ಟ್ರಿಷಿಯನ್ ಕರೆಂಟಿನ ವೈರಿನ ಪೈಪಿನಲ್ಲೇ ನನ್ನ ಕೇಬಲನ್ನೂ ಎಳೆಯಲು ಹೊರಟಿದ್ದರು. ಕೂಡದು ಎಂದೆ. ಬೇರೆ ಪೈಪು, ಸಾಕಷ್ಟು ಅಂತರ, ದಾಟಲೇಬೇಕಾದ ಕಡೆ ಲಂಬಕೋನದಲ್ಲಿ ಅಡ್ಡ ದಾಟುವುದು. ಅವರು ಅದನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟರು.

ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಕೊಡುವ ಸಂಖ್ಯಾ ವಿಳಾಸಗಳ (ಐಪಿ) ವಿಚಾರದಲ್ಲಿ 192.168.1 ಸರಣಿಯನ್ನು ಬೇಕೆಂದೇ ಬಿಟ್ಟೆ. ಮನೆಯ ರೌಟರ್‌ಗಳಲ್ಲಿ ಹೆಚ್ಚಾಗಿ ಇರುವುದು ಅದೇ. ಮುಂದೆ ಮನೆಯಿಂದ ವಿಪಿಎನ್ (ಇಂಟರ್‌ನೆಟ್ ಮೇಲಿನ ಸುರಕ್ಷಿತ ಖಾಸಗಿ ಹಾದಿ) ಮೂಲಕ ಕಚೇರಿಯ ಸರ್ವರ್ ಹಿಡಿಯಲು ಹೋದರೆ ಎರಡೂ ಕಡೆಯ ವಿಳಾಸ ಒಂದೇ ಆಗಿ ದಾರಿ ತಪ್ಪುತ್ತದೆ. ಸಿಬ್ಬಂದಿಗೆ 10.20.10, ಕ್ಯಾಮೆರಾಗಳಿಗೆ 10.20.20, ಬಂದುಹೋಗುವವರ ವೈ-ಫೈಗೆ 10.20.30 ಎಂದು ಮೂರು ವಿಎಲ್ಎಎನ್, ಅಂದರೆ ಅದೇ ಉಪಕರಣಗಳ ಮೇಲೆ ಒಂದರಿಂದೊಂದು ಬೇರ್ಪಟ್ಟ ಮೂರು ಜಾಲ, ಮಾಡಿದೆ. ನೂರಾರು ವ್ಯಾಪಾರಿಗಳ ಬ್ಯಾಂಕ್ ವಿವರ ಇರುವ ಜಾಗದಲ್ಲಿ ಅತಿಥಿಯ ಮೊಬೈಲ್‌ಗೆ ಸರ್ವರ್ ಕಾಣಲೇಬಾರದು. ಕ್ಯಾಮೆರಾಗಳಿಗೂ ಅಷ್ಟೇ.

ಇಂಟರ್‌ನೆಟ್‌ಗೆ ಎರಡು ಕಂಪನಿಗಳ ಫೈಬರ್ ಎಂದು ಮೊದಲು ಮಾತಾಗಿತ್ತು. ಹೊರಗೆ ಹೋಗಿ ನೋಡಿದರೆ ಎರಡೂ ಒಂದೇ ಕಂಬದ ಮೇಲೆ ಬರುತ್ತಿದ್ದವು. ಒಂದು ಕೊಂಬೆ ಮುರಿದು ಬಿದ್ದರೆ ಎರಡೂ ಹೋದಂತೆ. ತಿಂಗಳ 20ರಂದು ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು ಅಂಥ ಅಡ್ಡಿಯನ್ನು ತಾಳಲಾರರು. ಎರಡನೆಯದನ್ನು 4ಜಿ ಸಿಮ್ ಹಾಕಿದ ರೌಟರ್‌ಗೆ ಬದಲಿಸಿದೆವು. ರೌಟರ್, ಸ್ವಿಚ್‌ಗಳನ್ನು ಜೋಡಿಸಿಟ್ಟ ರ‍್ಯಾಕ್‌ಗೆ ಪ್ರತ್ಯೇಕ ಯುಪಿಎಸ್ ಕೊಟ್ಟದ್ದರಿಂದ ಕರೆಂಟು ಹೋದರೂ ವೈ-ಫೈ, ಕ್ಯಾಮೆರಾ ನಿಲ್ಲುವುದಿಲ್ಲ.

ಗಾರೆಗೆ ಮುನ್ನ ಪ್ರತಿ ಕೇಬಲನ್ನೂ ಪರೀಕ್ಷಿಸಿ, ಎರಡೂ ತುದಿಗೆ ಒಂದೇ ಸಂಖ್ಯೆ ಅಂಟಿಸಿ, ಅಳತೆಪಟ್ಟಿ ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದಿಟ್ಟೆ. ಆಮೇಲೆ ಎಸಿ ಕೂರಿಸಲು ಬಂದವರು ಡ್ರಿಲ್ ಹಿಡಿದಾಗ ಆ ಫೋಟೊಗಳನ್ನು ತೋರಿಸಿದೆವು. ಅವರು ಮೊಳೆಯ ಜಾಗವನ್ನು ಒಂದು ಅಡಿ ಎಡಕ್ಕೆ ಸರಿಸಿಕೊಂಡರು.