ಕೇಕಿನಿಂದ ಬೇಯಿಸಿದ ಮೊಟ್ಟೆಯವರೆಗೆ: ಮಗನ ಅಲರ್ಜಿ ಮತ್ತು ನನ್ನ ಓವನ್

ಬೆಳಗಾವಿಯ ಟಿಳಕವಾಡಿಯಲ್ಲಿ ನಾನು ಮನೆಯಿಂದಲೇ ಕೇಕ್ ಮಾಡಿ ಮಾರುತ್ತೇನೆ, ಆದರೆ ನನ್ನ ಮಗನಿಗೇ ಮೊಟ್ಟೆ ಆಗುತ್ತಿರಲಿಲ್ಲ. ವರ್ಷ ತುಂಬುವ ಮೊದಲೇ, ಬೇಯಿಸಿದ ಬಿಳಿಭಾಗದ ಒಂದು ತುಣುಕಿಗೆ ಮೈತುಂಬ ದದ್ದು, ವಾಂತಿ. ಈಗ ಏಳು ದಾಟಿದ ಅವನು ಗಟ್ಟಿಯಾಗಿ ಬೆಂದ ಮೊಟ್ಟೆಯನ್ನು ಇಡಿಯಾಗಿ ತಿನ್ನುತ್ತಾನೆ. ಆಗದ ಕೆಲಸ ಎಂದವರು ಮನೆಯಲ್ಲೂ ಇದ್ದರು.

ಬಹಳಷ್ಟು ಮಕ್ಕಳಲ್ಲಿ ಈ ಅಲರ್ಜಿ ಬೆಳೆದಂತೆ ಇಳಿಯುತ್ತದೆಂದು ನಿಮಗೆ ಗೊತ್ತೇ ಇದೆ. ಗೋದಿಹಿಟ್ಟಿನೊಳಗೆ ಚೆನ್ನಾಗಿ ಬೆಂದ ಮೊಟ್ಟೆ ಸಾಮಾನ್ಯವಾಗಿ ಮೊದಲು ಒಗ್ಗುತ್ತದೆ, ಅರೆಬೆಂದದ್ದು, ಹಸಿಯದು ಕೊನೆಗೆ. ಮೂರರ ವಯಸ್ಸಿನಲ್ಲಿ ಆಸ್ಪತ್ರೆಯಲ್ಲಿ, ಅಲರ್ಜಿ ಜೋರಾದರೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಪಕ್ಕಕ್ಕಿಟ್ಟುಕೊಂಡೇ, ನನ್ನ ಕೇಕಿನ ಚೂರು ತಿನ್ನಿಸಿದಾಗ ಅವನು ವಾಂತಿ ಮಾಡಿದ. ಮುಂದಿನ ಪ್ರಯತ್ನಕ್ಕೆ ವರ್ಷಕ್ಕಿಂತ ಹೆಚ್ಚು ಕಾದೆವು. ಮೊಟ್ಟೆಯ ಬಿಳಿಭಾಗದ ಓವೊಮ್ಯುಕಾಯ್ಡ್ ಎಂಬ ಪ್ರೋಟೀನಿಗೆ ಮೈ ಎಷ್ಟು ಪ್ರತಿಕ್ರಿಯಿಸುತ್ತದೆಂದು ತೋರಿಸುವ ಅಂಕಿಯೂ ಸೇರಿದ ರಕ್ತಪರೀಕ್ಷೆಗೆ ಪ್ರತಿ ಸಲ ಮೂರು ಸಾವಿರದ ಆಜುಬಾಜು ಹೋಯಿತು. ಶಾಖಕ್ಕೆ ಜಗ್ಗದ ಆ ಪ್ರೋಟೀನಿನ ಅಂಕಿ ಇಳಿದ ಮೇಲೆಯೇ ಡಾಕ್ಟರು ಮತ್ತೆ ಒಪ್ಪಿದರು.

ಎರಡನೆಯ ಸಲ ದಾಟಿದೆವು. ಮಗನಿಗೆ ದಮ್ಮಿನ ಕಾಯಿಲೆ (ಅಸ್ತಮಾ) ಇಲ್ಲದ್ದರಿಂದ ಕೇಕ್ ತಿನ್ನಿಸುವುದನ್ನು ಮನೆಯಲ್ಲಿ ಮುಂದುವರಿಸಲು ಅನುಮತಿ ಸಿಕ್ಕಿತು. ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ, ಏಕೆಂದರೆ ಪ್ರತಿ ಕಪ್‌ಕೇಕಿನಲ್ಲೂ ಅಷ್ಟೇ ಮೊಟ್ಟೆ ಇರಬೇಕು, ನಡುಭಾಗವೂ ಪೂರ್ತಿ ಬೆಂದಿರಬೇಕು. ನನ್ನ ಓವನ್ 180 ಡಿಗ್ರಿ ತೋರಿಸುತ್ತಿದ್ದಾಗ ಒಳಗೆ 150ರ ಹತ್ತಿರವಷ್ಟೇ ಇತ್ತೆಂಬುದು ಐದಾರು ನೂರು ರೂಪಾಯಿಯ ಓವನ್ ಥರ್ಮಾಮೀಟರು ಬಂದ ಮೇಲೆ ತಿಳಿಯಿತು. ಅರ್ಧ ಬೇಯುವಾಗ ಕರೆಂಟು ಹೋದರೆ ಇಡೀ ಟ್ರೇ ದೊಡ್ಡವರ ಪಾಲು. ಹೀಗೆ ಕೈಬಿಟ್ಟ ಸರಕಿನ ಬೆಲೆ ಏಳೆಂಟು ಸಾವಿರವಾದರೂ ಆಗಿರಬೇಕು. ಜವಾರಿ ಮೊಟ್ಟೆ ಒಗ್ಗೀತು ಎಂದು ಅತ್ತೆಯವರು ಹಟ ಹಿಡಿದಿದ್ದರು. ಅದರಲ್ಲೂ ಅದೇ ಪ್ರೋಟೀನು, ಮೊಟ್ಟೆ ಮಾತ್ರ ಗಾತ್ರದಲ್ಲಿ ಸಣ್ಣದು. ಅದಕ್ಕೇ ನಾನು ಮೊಟ್ಟೆ ಎಣಿಸುವುದಿಲ್ಲ, ಒಡೆದು ಕಲಸಿ ತೂಗುತ್ತೇನೆ: ಸುಮಾರು ನೂರು ಗ್ರಾಂಗೆ ಹತ್ತು ಕಪ್‌ಕೇಕು. ಅಷ್ಟು ಕಡಿಮೆ ಮೊಟ್ಟೆಯಲ್ಲೂ ಕೇಕ್ ಮೆತ್ತಗೆ ಬರಲು ಏನು ಬೆರೆಸುತ್ತೇನೆ ಎಂಬುದು ನನ್ನ ಆರ್ಡರುಗಳ ಗುಟ್ಟು, ಇಲ್ಲಿ ಬರೆಯಲಾರೆ.

ನಡುವೆ ಜೋಳದ ಹಿಟ್ಟಿನಲ್ಲೂ ಮಾಡಿ ನೋಡಿದೆ. ರುಚಿ ಸೊಗಸಾಗಿತ್ತು, ಆದರೆ ಡಾಕ್ಟರು ಮಗನಿಗೆ ಬೇಡವೆಂದರು: ಗೋದಿಯ ಅಂಟು ಮೊಟ್ಟೆಯ ಪ್ರೋಟೀನನ್ನು ಹಿಡಿದಿಡುವಂತೆ ಜೋಳ ಹಿಡಿಯದು. ಕೇಕಿನಲ್ಲಿ ಬೆಂದದ್ದು ಒಗ್ಗಿತೆಂದು ನನ್ನ ಅಕ್ಕ ಆಮ್ಲೆಟ್ಟಿಗೂ ಅವಸರಪಟ್ಟಳು. ಆದರೆ ನಡುವಿನ, ಗೋದಿಹಿಟ್ಟಿನ ದೋಸೆಗೆ ಮೊಟ್ಟೆ ಬೆರೆಸುವ ಹಂತವೇ ನಮಗೆ ಎಂಟು ತಿಂಗಳ ಮೇಲೆ ಹಿಡಿದಿತ್ತು. ಜ್ವರ ಬಂದ ವಾರಗಳಲ್ಲಿ ಕೊಡುತ್ತಲೇ ಇರಲಿಲ್ಲ. ಮೆತ್ತನೆಯ ಆಮ್ಲೆಟ್ಟು, ಮೇಯೊನೀಸು ಇನ್ನೂ ಬಾಕಿ ಇವೆ. ಅವುಗಳ ಪರೀಕ್ಷೆ ದೀಪಾವಳಿ ರಜೆಯಲ್ಲಿ, ಮತ್ತೆ ಆಸ್ಪತ್ರೆಯಲ್ಲಿಯೇ.